ಚಳಿಗಾಲ ಮತ್ತು ಇ-ಸಿಗರೇಟು: ಕೊಪ್ಪಳ ಜಿಲ್ಲೆಯವರು ತಿಳಿದಿರಬೇಕಾದ ಸಂಗತಿಗಳು

ಕೊಪ್ಪಳ: ಕಾರ್ತಿಕ ಮಾಸ ಮುಗಿಯುವ ಹೊತ್ತಿಗೆ ಜಿಲ್ಲೆಯಲ್ಲಿ ಚಳಿ ನೆಲೆಯೂರುತ್ತದೆ. ಯಲಬುರ್ಗಾದ ಎರೆ ಹೊಲಗಳ ಕಡಲೆ ಮತ್ತು ಹಿಂಗಾರಿ ಜೋಳಕ್ಕೆ ಈ ಚಳಿ ಬೇಕು. ಗಂಗಾವತಿ ಭಾಗದ ಆನೆಗೊಂದಿ, ಅಂಜನಾದ್ರಿ, ಸಣಾಪುರಗಳತ್ತ ಪ್ರವಾಸಿಗರು ಮುಖ ಮಾಡುವುದೂ, ಕೊಪ್ಪಳದ ಗವಿಮಠದ ಜಾತ್ರೆ ನಡೆಯುವುದೂ ಇದೇ ಋತುವಿನಲ್ಲಿ. ಹೊರ ಊರುಗಳಲ್ಲಿ ಓದುವ ಮಕ್ಕಳು, ಹೊರದೇಶಗಳಲ್ಲಿ ದುಡಿಯುವ ಬಂಧುಗಳು ಊರಿಗೆ ಬರುವುದೂ ಈಗಲೇ. ಅವರ ಸಾಮಾನುಗಳ ನಡುವೆ ಪೆನ್ನಿನಂತೆಯೋ ಪೆನ್‌ಡ್ರೈವ್‌ನಂತೆಯೋ ಕಾಣುವ, ಹಣ್ಣಿನ ಪರಿಮಳ ಸೂಸುವ ಒಂದು ಪುಟ್ಟ ಸಾಧನ ಇರುವ ಸಾಧ್ಯತೆಯೂ ಉಂಟು. ಅದೇ ಇ-ಸಿಗರೇಟು, ಆಡುಮಾತಿನಲ್ಲಿ ವೇಪ್.

ಚಳಿಗಾಲದಲ್ಲಿ ಈ ಸಾಧನವನ್ನು ಹೇಗೆ ಬಳಸಬೇಕು, ಎಲ್ಲಿ ಇಡಬೇಕು ಎಂಬ ಬಗ್ಗೆ ಶೀತ ದೇಶಗಳಲ್ಲಿ ಬೇಕಾದಷ್ಟು ಸಲಹೆಗಳು ದೊರೆಯುತ್ತವೆ. ಅಂತರ್ಜಾಲದ ಮೂಲಕ ಅವು ಇಲ್ಲಿನ ಯುವಕರಿಗೂ ತಲುಪುತ್ತವೆ. ಆದರೆ ಆ ಸಲಹೆಗಳು ಎರಡು ಕಾರಣಗಳಿಂದ ಕೊಪ್ಪಳ ಜಿಲ್ಲೆಗೆ ಹೊಂದುವುದಿಲ್ಲ. ಮೊದಲನೆಯದು, ಈ ಸಾಧನವನ್ನು ಕೆಡಿಸುವಂಥ ಚಳಿ ಇಲ್ಲಿ ಬೀಳುವುದಿಲ್ಲ; ಅಪಾಯ ಒಡ್ಡುವುದು ಇಲ್ಲಿನ ಬಿಸಿಲು ಮತ್ತು ಬೆಂಕಿ. ಎರಡನೆಯದು, ‘ಎಲ್ಲಿ ಇಡಬೇಕು’ ಎಂಬ ಪ್ರಶ್ನೆಗೆ ಭಾರತದ ಕಾನೂನು 2019ರಲ್ಲಿಯೇ ಉತ್ತರ ನೀಡಿದೆ: ಎಲ್ಲಿಯೂ ಇಡುವಂತಿಲ್ಲ.

ಸಾಧನದ ಸ್ವರೂಪ

ಇಂದಿನ ಮಾದರಿಯ ಇ-ಸಿಗರೇಟನ್ನು 2003ರಲ್ಲಿ ರೂಪಿಸಿದವರು ಚೀನಾದ ಔಷಧ ತಜ್ಞ ಹಾನ್ ಲಿಕ್. ಅದರಲ್ಲಿ ಮೂರು ಮುಖ್ಯ ಭಾಗಗಳಿರುತ್ತವೆ: ಲಿಥಿಯಂ ಅಯಾನ್ ಬ್ಯಾಟರಿ, ಲೋಹದ ತಂತಿಯ ಸುರುಳಿ ಮತ್ತು ದ್ರವ ತುಂಬಿದ ಪುಟ್ಟ ಕೋಶ. ಸುರುಳಿಗೆ ಸುತ್ತಿದ ಹತ್ತಿಯು ದೀಪದ ಬತ್ತಿಯಂತೆ ದ್ರವವನ್ನು ಹೀರಿಕೊಳ್ಳುತ್ತದೆ. ಬ್ಯಾಟರಿಯ ವಿದ್ಯುತ್ತಿನಿಂದ ಸುರುಳಿ ಕಾದು, ದ್ರವ ಮಂಜಿನಂತಹ ಹಬೆಯಾಗಿ ಏಳುತ್ತದೆ. ಬಳಸುವವರು ಆ ಹಬೆಯನ್ನು ಒಳಗೆಳೆದುಕೊಳ್ಳುತ್ತಾರೆ.

ದ್ರವದಲ್ಲಿ ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಸುವಾಸನೆಯ ರಾಸಾಯನಿಕಗಳು ಮತ್ತು ಬಹುತೇಕ ಸಂದರ್ಭಗಳಲ್ಲಿ ನಿಕೋಟಿನ್ ಇರುತ್ತವೆ. ತಂಬಾಕು ಸುಡುವುದಿಲ್ಲವಾದ್ದರಿಂದ ಡಾಂಬರಿನಂಥ ಅಂಟು ಪದಾರ್ಥ ಇಲ್ಲವೆಂಬುದು ನಿಜ. ಆದರೆ ವ್ಯಸನಕ್ಕೆ ಕಾರಣವಾಗುವುದು ನಿಕೋಟಿನ್. ಅದು ಬೀಡಿ, ಗುಟ್ಕಾ, ಇ-ಸಿಗರೇಟು ಮೂರರಲ್ಲಿಯೂ ಒಂದೇ.

ಚಳಿಯಲ್ಲಿ ದ್ರವಕ್ಕೆ ಏನಾಗುತ್ತದೆ?

ಡಿಸೆಂಬರ್ ಮುಂಜಾನೆ ಬಾಟಲಿಯಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾಗುವುದನ್ನು ಎಲ್ಲರೂ ಕಂಡಿದ್ದಾರೆ. ಗ್ಲಿಸರಿನ್ ಹಾಗೆ ಬಿಳಿಯಾಗಿ ಹೆಪ್ಪುಗಟ್ಟುವುದು ಅಪರೂಪ. ಆದರೆ ಚಳಿಗೆ ಅದು ಜೋನಿಬೆಲ್ಲದಂತೆ ಮಂದವಾಗುತ್ತದೆ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರುವುದಕ್ಕಿಂತ 20 ಡಿಗ್ರಿಯಲ್ಲಿ ಶುದ್ಧ ಗ್ಲಿಸರಿನ್‌ನ ಮಂದತೆ ಎರಡು ಪಟ್ಟಿಗೂ ಹೆಚ್ಚು. ಪ್ರೊಪಿಲೀನ್ ಗ್ಲೈಕಾಲ್ ತೆಳುವಾದ ದ್ರವವಾದ್ದರಿಂದ ಎರಡರ ಮಿಶ್ರಣದಲ್ಲಿ ಈ ಪರಿಣಾಮ ಕಡಿಮೆಯಾಗುತ್ತದೆಯಾದರೂ ಇಲ್ಲವಾಗುವುದಿಲ್ಲ.

ದ್ರವ ಮಂದವಾದಾಗ ಹತ್ತಿಗೆ ಅದು ನಿಧಾನವಾಗಿ ಇಳಿಯುತ್ತದೆ. ಹತ್ತಿ ಒಣಗಿರುವಾಗಲೇ ಸುರುಳಿ ಕಾದರೆ ಉಷ್ಣತೆ ಮಿತಿ ಮೀರುತ್ತದೆ. ಆಗ ಗ್ಲಿಸರಿನ್ ಮತ್ತು ಪ್ರೊಪಿಲೀನ್ ಗ್ಲೈಕಾಲ್‌ಗಳು ವಿಭಜನೆಗೊಂಡು ಅಕ್ರೋಲೀನ್, ಫಾರ್ಮಾಲ್ಡಿಹೈಡ್‌ಗಳಂಥ ರಾಸಾಯನಿಕಗಳು ಹುಟ್ಟುತ್ತವೆ. ಅಕ್ರೋಲೀನ್ ಎಂದರೆ ಬಾಣಲೆಯಲ್ಲಿ ಎಣ್ಣೆ ಅತಿಯಾಗಿ ಕಾದಾಗ ಕಣ್ಣು, ಗಂಟಲು ಉರಿಸುವ ಹೊಗೆಯಲ್ಲಿರುವ ವಸ್ತು. ಫಾರ್ಮಾಲ್ಡಿಹೈಡ್ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ವರ್ಗೀಕರಿಸಿದೆ. ಚಳಿಯಲ್ಲಿ ಸುಟ್ಟ ರುಚಿ ಬರುತ್ತದೆ ಎಂದು ಬಳಕೆದಾರರು ಹೇಳುವುದರ ಹಿಂದಿನ ಸಂಗತಿ ಇದೇ.

ಬ್ಯಾಟರಿ ಮತ್ತು ಉಷ್ಣತೆ

ಲಿಥಿಯಂ ಅಯಾನ್ ಬ್ಯಾಟರಿಯು ಮೊಬೈಲ್ ಫೋನ್, ಪವರ್ ಬ್ಯಾಂಕ್, ವಿದ್ಯುತ್ ಸ್ಕೂಟರ್‌ಗಳಲ್ಲಿ ಇರುವಂಥದ್ದೇ. ಆದ್ದರಿಂದ ಈ ಭಾಗ ಎಲ್ಲ ಮನೆಗಳಿಗೂ ಉಪಯುಕ್ತ. ಬ್ಯಾಟರಿಯೊಳಗೆ ವಿದ್ಯುತ್ ಉಂಟಾಗುವುದು ಲಿಥಿಯಂ ಅಯಾನುಗಳು ಒಂದು ಧ್ರುವದಿಂದ ಇನ್ನೊಂದಕ್ಕೆ ಸಾಗುವುದರಿಂದ. ಚಳಿ ಹೆಚ್ಚಿದಂತೆ ಈ ಸಂಚಾರ ನಿಧಾನವಾಗಿ, ಬ್ಯಾಟರಿ ಬೇಗ ಬರಿದಾದಂತೆ ತೋರುತ್ತದೆ. ಬೆಚ್ಚಗಾದ ಮೇಲೆ ಶಕ್ತಿ ಬಹುಪಾಲು ಮರಳುತ್ತದೆ.

ನಿಜವಾದ ಹಾನಿ ಆಗುವುದು ಶೂನ್ಯ ಡಿಗ್ರಿಗಿಂತ ಕೆಳಗಿನ ಉಷ್ಣತೆಯಲ್ಲಿ ಚಾರ್ಜ್ ಮಾಡಿದಾಗ. ಆಗ ಲಿಥಿಯಂ ಅಯಾನುಗಳು ಧ್ರುವದ ಒಳಗೆ ಸೇರದೆ ಅದರ ಮೇಲ್ಮೈಯಲ್ಲಿ ಲೋಹದ ಪದರವಾಗಿ ಕೂಡುತ್ತವೆ. ಈ ಪದರ ಬೆಳೆದರೆ ಒಳಗಿನ ತೆಳುವಾದ ಪರದೆಗೆ ಧಕ್ಕೆಯಾಗಿ ಶಾರ್ಟ್ ಸರ್ಕ್ಯೂಟ್ ಆಗಬಹುದು. ಆದ್ದರಿಂದಲೇ ಇಂಥ ಬ್ಯಾಟರಿಗಳನ್ನು ಸಾಮಾನ್ಯವಾಗಿ 0ಯಿಂದ 45 ಡಿಗ್ರಿಯೊಳಗೆ ಚಾರ್ಜ್ ಮಾಡಬೇಕೆಂದು ತಯಾರಕರು ಸೂಚಿಸುತ್ತಾರೆ. ಕೆನಡಾ, ಇಂಗ್ಲೆಂಡ್‌ಗಳ ಸಲಹೆಗಳು ಹುಟ್ಟಿದ್ದು ಈ ಕೆಳಗಿನ ಮಿತಿಯ ಭಯದಿಂದ.

ಕೊಪ್ಪಳ ಜಿಲ್ಲೆಯಲ್ಲಿ ಡಿಸೆಂಬರ್, ಜನವರಿಯ ಕನಿಷ್ಠ ಉಷ್ಣತೆ ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಕೆಲವು ರಾತ್ರಿ ಅದಕ್ಕಿಂತ ಕೆಳಗಿಳಿದರೂ ಶೂನ್ಯ ದೂರದ ಮಾತು. ಇಲ್ಲಿ ಮೀರುವುದು ಮೇಲಿನ ಮಿತಿ. ಏಪ್ರಿಲ್, ಮೇ ತಿಂಗಳುಗಳಲ್ಲಿ ಬಯಲಿನ ಉಷ್ಣತೆ 40 ಡಿಗ್ರಿ ದಾಟುತ್ತದೆ. ಬಿಸಿಲಿನಲ್ಲಿ ಮುಚ್ಚಿ ನಿಲ್ಲಿಸಿದ ಕಾರಿನೊಳಗೆ ಅದು 50 ಡಿಗ್ರಿಯನ್ನು ಸುಲಭವಾಗಿ ಮೀರುತ್ತದೆ. ಚಳಿಗಾಲದ ಮಧ್ಯಾಹ್ನವೂ ಗಾಜು ಮುಚ್ಚಿದ ಕಾರಿನ ಮುಂಭಾಗ ಸಾಕಷ್ಟು ಕಾಯುತ್ತದೆ. ಪೂರ್ಣ ಚಾರ್ಜ್ ಆದ ಬ್ಯಾಟರಿ ಇಂಥ ಕಾವಿನಲ್ಲಿ ಉಳಿದರೆ ಅದರ ಆಯುಸ್ಸು ತಗ್ಗುತ್ತದೆ. ಮೊದಲೇ ಪೆಟ್ಟು ಬಿದ್ದ ಅಥವಾ ಉಬ್ಬಿದ ಬ್ಯಾಟರಿಯಾದರೆ ಬೆಂಕಿ ಹೊತ್ತಿಕೊಳ್ಳುವ ಅಪಾಯವೂ ಇದೆ.

ಇಷ್ಟನ್ನು ಕಂಡು ಬ್ಯಾಟರಿಯನ್ನು ಫ್ರಿಜ್‌ನಲ್ಲಿ ಇಡುವುದೂ ತರವಲ್ಲ. ತಂಪಾದ ವಸ್ತುವನ್ನು ಹೊರತೆಗೆದಾಗ ಅದರ ಮೇಲೆ ನೀರಿನ ಹನಿಗಳು ಕೂಡುತ್ತವೆ. ತೇವ ಒಳಗಿಳಿದರೆ ಬಿಡಿಭಾಗಗಳು ತುಕ್ಕು ಹಿಡಿಯುತ್ತವೆ. ಬ್ಯಾಟರಿಯುಳ್ಳ ಯಾವುದೇ ಸಾಧನವನ್ನು ಬಹುಕಾಲ ಬಳಸದೆ ಇಡುವುದಾದರೆ ಅರ್ಧದಷ್ಟು ಚಾರ್ಜ್ ಮಾಡಿ, ನೆರಳಿರುವ ಒಣ ಜಾಗದಲ್ಲಿ ಇಡುವುದೇ ಸರಿಯಾದ ಕ್ರಮ. ಬಿಡಿ ಬ್ಯಾಟರಿಗಳನ್ನು ನಾಣ್ಯ, ಬೀಗದ ಕೈಗಳ ಜೊತೆ ಜೇಬಿನಲ್ಲಿ ಹಾಕಿಕೊಳ್ಳುವುದು ಯಾವ ಋತುವಿನಲ್ಲಿಯೂ ಸಲ್ಲದು. ಲೋಹ ತಗುಲಿ ಎರಡು ಧ್ರುವಗಳು ಕೂಡಿದರೆ ಕ್ಷಣಾರ್ಧದಲ್ಲಿ ಬ್ಯಾಟರಿ ಕಾದು ಸಿಡಿಯಬಹುದು.

ಬೆಂಕಿ ಕಾಯಿಸುವವರಿಗೆ ಎಚ್ಚರಿಕೆ

ಚಳಿಗಾಲಕ್ಕೇ ಮೀಸಲಾದ ಒಂದು ಅಪಾಯ ಮಾತ್ರ ಇಲ್ಲಿಯೂ ಇದೆ. ನಸುಕಿನಲ್ಲಿ ಓಣಿಯ ಕಸಕಡ್ಡಿ, ಕಾಗದ, ರಟ್ಟು ಗುಡ್ಡೆ ಹಾಕಿ ಬೆಂಕಿ ಕಾಯಿಸುವುದು ಕುಷ್ಟಗಿ, ಯಲಬುರ್ಗಾ ಸೇರಿದಂತೆ ಈ ಭಾಗದ ಊರುಗಳಲ್ಲಿ ರೂಢಿಯಲ್ಲಿದೆ. ಬಳಸಿ ಬಿಸಾಡುವ ಮಾದರಿಯ ಇ-ಸಿಗರೇಟುಗಳ ಹೊರಕವಚ ಪ್ಲಾಸ್ಟಿಕ್‌ನದು. ನೋಡಿದವರಿಗೆ ಅದು ಆಟಿಕೆಯಂತೆಯೋ ಖಾಲಿ ಪೆನ್ನಿನಂತೆಯೋ ಕಾಣುತ್ತದೆ. ಕಸದೊಂದಿಗೆ ಅದು ಬೆಂಕಿಗೆ ಬಿದ್ದರೆ ಒಳಗಿನ ಬ್ಯಾಟರಿ ಸಿಡಿಯುತ್ತದೆ. ಹೊರಬರುವ ಹೊಗೆಯೂ ವಿಷಕಾರಿ. ಸುತ್ತ ಕುಳಿತವರಲ್ಲಿ ವೃದ್ಧರು, ಮಕ್ಕಳೇ ಹೆಚ್ಚಿರುತ್ತಾರೆ ಎಂಬುದನ್ನು ಮರೆಯಬಾರದು.

ಕೆಟ್ಟ ಮೊಬೈಲ್ ಬ್ಯಾಟರಿ, ಪವರ್ ಬ್ಯಾಂಕ್‌ಗಳಿಗೂ ಇದೇ ಮಾತು ಅನ್ವಯಿಸುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಮನೆಯ ಇತರ ಕಸದಿಂದ ಬೇರ್ಪಡಿಸಿ, ಸಂಗ್ರಹಣೆ ಅಥವಾ ಮರುಬಳಕೆಯಲ್ಲಿ ತೊಡಗಿದವರಿಗೆ ತಲುಪಿಸುವುದು ಗ್ರಾಹಕರ ಹೊಣೆ. ಅವನ್ನು ಸುಡುವುದು, ಒಡೆಯುವುದು, ಚುಚ್ಚುವುದು ಸಲ್ಲದು.

ಮಕ್ಕಳಿರುವ ಮನೆ

ಬ್ಯಾಟರಿಗಿಂತಲೂ ಮನೆಯಲ್ಲಿ ಹೆಚ್ಚು ಭಯಪಡಬೇಕಾದದ್ದು ದ್ರವಕ್ಕೆ. ಐರೋಪ್ಯ ಒಕ್ಕೂಟದ ನಿಯಮದಂತೆ ದ್ರವದ ಪ್ರತಿ ಮಿಲಿಲೀಟರಿನಲ್ಲಿ ನಿಕೋಟಿನ್ ಪ್ರಮಾಣ 20 ಮಿಲಿಗ್ರಾಂ ಮೀರುವಂತಿಲ್ಲ. ಆ ಮಿತಿಯೊಳಗೇ ಇದ್ದರೂ 10 ಮಿಲಿಲೀಟರಿನ ಬಾಟಲಿಯಲ್ಲಿ 200 ಮಿಲಿಗ್ರಾಂ ನಿಕೋಟಿನ್ ಇರುತ್ತದೆ. ಒಂದು ಸಿಗರೇಟು ಸೇದಿದಾಗ ದೇಹಕ್ಕೆ ಸೇರುವುದು ಸುಮಾರು 1ರಿಂದ 2 ಮಿಲಿಗ್ರಾಂ ಮಾತ್ರ. ಯಾವ ನಿಯಂತ್ರಣವೂ ಇಲ್ಲದ ಕಳ್ಳ ಮಾರುಕಟ್ಟೆಯ ಬಾಟಲಿಯಲ್ಲಿ ಎಷ್ಟಿದೆ ಎಂದು ಅದರ ಚೀಟಿಯನ್ನು ನಂಬಿ ಹೇಳಲಾಗದು.

ಮಾವು, ಕಲ್ಲಂಗಡಿ, ಪುದೀನಾ ಪರಿಮಳದ ಈ ದ್ರವವನ್ನು ಮಕ್ಕಳು ಶರಬತ್ತೆಂದು ಭ್ರಮಿಸುವ ಅಪಾಯವಿದೆ. ಚರ್ಮದ ಮೂಲಕವೂ ನಿಕೋಟಿನ್ ದೇಹಕ್ಕೆ ಇಳಿಯುತ್ತದೆ. ವಾಂತಿ, ಬಾಯಲ್ಲಿ ಜೊಲ್ಲು ಸುರಿಯುವುದು, ಬೆವರು, ಎದೆಬಡಿತದ ಏರುಪೇರು ಇದರ ಮೊದಲ ಲಕ್ಷಣಗಳು. ಪ್ರಮಾಣ ಹೆಚ್ಚಾದರೆ ಸೆಳೆತ, ಉಸಿರಾಟದ ತೊಂದರೆ ಕಾಣಿಸಿಕೊಳ್ಳುತ್ತವೆ. ಮಗು ದ್ರವ ಕುಡಿದಿದೆಯೆಂಬ ಶಂಕೆ ಬಂದರೆ ಬಲವಂತವಾಗಿ ವಾಂತಿ ಮಾಡಿಸಬಾರದು. ಚರ್ಮಕ್ಕೆ ತಗುಲಿದ್ದರೆ ಧಾರಾಳವಾಗಿ ನೀರು ಸುರಿದು ತೊಳೆಯಬೇಕು. ಬಾಟಲಿಯನ್ನೂ ಜೊತೆಗೆ ತೆಗೆದುಕೊಂಡು ತಡಮಾಡದೆ ಆಸ್ಪತ್ರೆಗೆ ಹೋಗಬೇಕು. 108ಕ್ಕೆ ಕರೆ ಮಾಡಬಹುದು. ಕಾನೂನಿನ ಭಯದಿಂದ ವೈದ್ಯರಲ್ಲಿ ವಿಷಯ ಮರೆಮಾಚುವುದು ಮಗುವಿನ ಪ್ರಾಣಕ್ಕೇ ಎರವಾದೀತು.

ಸಂಗ್ರಹವೇ ಅಪರಾಧ

ಕರ್ನಾಟಕ ಸರ್ಕಾರ 2016ರ ಜೂನ್‌ನಲ್ಲಿಯೇ ರಾಜ್ಯದಲ್ಲಿ ಇ-ಸಿಗರೇಟಿನ ಮಾರಾಟವನ್ನು ನಿಷೇಧಿಸಿತ್ತು. 2019ರ ಮೇ ತಿಂಗಳಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸಂಪೂರ್ಣ ನಿಷೇಧಕ್ಕೆ ಶಿಫಾರಸು ಮಾಡಿತು. ಅದೇ ವರ್ಷ ಸೆಪ್ಟೆಂಬರ್ 18ರಂದು ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿತು. ಡಿಸೆಂಬರ್‌ನಲ್ಲಿ ಸಂಸತ್ತಿನ ಒಪ್ಪಿಗೆ ಮತ್ತು ರಾಷ್ಟ್ರಪತಿಗಳ ಅಂಕಿತದೊಂದಿಗೆ ಅದು ಕಾಯ್ದೆಯಾಯಿತು.

ಕಾಯ್ದೆಯ ವ್ಯಾಖ್ಯೆ ವಿಶಾಲವಾಗಿದೆ. ನಿಕೋಟಿನ್ ಇರಲಿ, ಇಲ್ಲದಿರಲಿ, ಒಂದು ವಸ್ತುವನ್ನು ಕಾಯಿಸಿ ಒಳಗೆಳೆದುಕೊಳ್ಳುವ ಹಬೆಯನ್ನು ಉಂಟುಮಾಡುವ ಎಲ್ಲ ವಿದ್ಯುನ್ಮಾನ ಸಾಧನಗಳು, ತಂಬಾಕನ್ನು ಸುಡದೆ ಕಾಯಿಸುವ ಸಾಧನಗಳು ಹಾಗೂ ಇ-ಹುಕ್ಕಾ ಇದರಲ್ಲಿ ಸೇರಿವೆ. ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯಡಿ ಪರವಾನಗಿ ಪಡೆದ ಉತ್ಪನ್ನಗಳು ಮಾತ್ರ ಹೊರಗುಳಿದಿವೆ.

ಕಾಯ್ದೆಯ ಮುಖ್ಯ ಅಂಶಗಳು ಹೀಗಿವೆ:

* ತಯಾರಿಕೆ, ಆಮದು, ರಫ್ತು, ಸಾಗಣೆ, ಮಾರಾಟ, ವಿತರಣೆ, ಜಾಹೀರಾತು ನಿಷಿದ್ಧ. ಮೊದಲ ಅಪರಾಧಕ್ಕೆ ಒಂದು ವರ್ಷದವರೆಗೆ ಸೆರೆವಾಸ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಮತ್ತೆ ಎಸಗಿದರೆ ಮೂರು ವರ್ಷದವರೆಗೆ ಸೆರೆವಾಸ ಮತ್ತು 5 ಲಕ್ಷ ರೂಪಾಯಿವರೆಗೆ ದಂಡ. ಅಂತರ್ಜಾಲದ ಮೂಲಕ ನಡೆಯುವ ಮಾರಾಟವೂ ಇದಕ್ಕೆ ಒಳಪಡುತ್ತದೆ.
* ಯಾವುದೇ ಸ್ಥಳದ ಮಾಲೀಕರು ಅಥವಾ ಅನುಭೋಗದಾರರು ಗೊತ್ತಿದ್ದೂ ಅಲ್ಲಿ ಇ-ಸಿಗರೇಟಿನ ದಾಸ್ತಾನಿಗೆ ಅವಕಾಶ ಕೊಡುವಂತಿಲ್ಲ. ತಪ್ಪಿದರೆ ಆರು ತಿಂಗಳವರೆಗೆ ಸೆರೆವಾಸ ಅಥವಾ 50 ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ.
* ಸಬ್ ಇನ್‌ಸ್ಪೆಕ್ಟರ್ ಮತ್ತು ಅದಕ್ಕಿಂತ ಮೇಲಿನ ದರ್ಜೆಯ ಪೊಲೀಸ್ ಅಧಿಕಾರಿಗಳಿಗೆ ಶೋಧನೆ ನಡೆಸುವ, ವಶಪಡಿಸಿಕೊಳ್ಳುವ ಅಧಿಕಾರವಿದೆ.
* ಕಾಯ್ದೆ ಜಾರಿಗೆ ಬಂದಾಗ ದಾಸ್ತಾನು ಹೊಂದಿದ್ದವರು ಪಟ್ಟಿ ಸಿದ್ಧಪಡಿಸಿ, ವಿಳಂಬವಿಲ್ಲದೆ ಹತ್ತಿರದ ಅಧಿಕೃತ ಅಧಿಕಾರಿಯ ಕಚೇರಿಗೆ ಒಪ್ಪಿಸಬೇಕೆಂದು ವಿಧಿಸಲಾಗಿತ್ತು.

ಸೇದುವ ಕ್ರಿಯೆಯನ್ನು ಕಾಯ್ದೆ ಪ್ರತ್ಯೇಕವಾಗಿ ಹೆಸರಿಸಿಲ್ಲ. ಇದನ್ನೇ ಹಿಡಿದು ‘ಮಾರುವುದಷ್ಟೇ ತಪ್ಪು, ಇಟ್ಟುಕೊಳ್ಳುವುದಲ್ಲ’ ಎಂದು ವಾದಿಸುವವರಿದ್ದಾರೆ. ಆದರೆ ಯಾವುದೇ ರೂಪದಲ್ಲಿ, ಎಷ್ಟೇ ಪ್ರಮಾಣದಲ್ಲಿ ಇ-ಸಿಗರೇಟು ಹೊಂದಿರುವುದೂ ಕಾಯ್ದೆಯ ಉಲ್ಲಂಘನೆ ಎಂದು ಕೇಂದ್ರ ಆರೋಗ್ಯ ಸಚಿವಾಲಯ 2023ರಲ್ಲಿ ಸ್ಪಷ್ಟಪಡಿಸಿದೆ. ಆಮದು, ಸಾಗಣೆ, ಮಾರಾಟಗಳೆಲ್ಲ ನಿಷಿದ್ಧವಾಗಿರುವಾಗ ಇಂದು ಕೈಯಲ್ಲಿರುವ ಸಾಧನ ನ್ಯಾಯಸಮ್ಮತ ದಾರಿಯಿಂದ ಬಂದಿರಲು ಸಾಧ್ಯವೂ ಇಲ್ಲ.

ಹೋಂಸ್ಟೇ, ವಸತಿಗೃಹಗಳ ಹೊಣೆ

ದಾಸ್ತಾನು ಕುರಿತ ಈ ವಿಧಿ ಗಂಗಾವತಿ ಭಾಗಕ್ಕೆ ವಿಶೇಷವಾಗಿ ಸಂಬಂಧಿಸಿದೆ. ಹಂಪಿಯನ್ನು ನೋಡಲು ಬರುವವರಲ್ಲಿ ಅನೇಕರು ತುಂಗಭದ್ರೆಯ ಈಚೆ ದಡದ ಆನೆಗೊಂದಿ, ಸಣಾಪುರಗಳಲ್ಲಿ ತಂಗುತ್ತಾರೆ. ಇ-ಸಿಗರೇಟು ನಿಷಿದ್ಧವಲ್ಲದ ದೇಶಗಳಿಂದ ಬಂದವರಿಗೆ ಇಲ್ಲಿನ ಕಾನೂನು ತಿಳಿದಿರದಿರಬಹುದು. ಭಾರತಕ್ಕೆ ಅದನ್ನು ತರುವಂತಿಲ್ಲವೆಂದು ಬ್ರಿಟನ್ ಸರ್ಕಾರ ತನ್ನ ಪ್ರವಾಸಿಗಳಿಗೆ ಸೂಚನೆ ನೀಡಿದೆಯಾದರೂ ಎಲ್ಲರೂ ಅದನ್ನು ಓದಿಯೇ ಬರುತ್ತಾರೆಂದು ಹೇಳಲಾಗದು. ಅತಿಥಿಗಳಿಗಾಗಿ ತರಿಸಿಡುವುದು, ಅವರು ಬಿಟ್ಟುಹೋದವನ್ನು ಕೂಡಿಡುವುದು, ಪರಿಚಿತರ ಪೆಟ್ಟಿಗೆಯನ್ನು ‘ನಾಲ್ಕು ದಿನ ಇರಲಿ’ ಎಂದು ಕೋಣೆಯಲ್ಲಿ ಇರಿಸಿಕೊಳ್ಳುವುದು ಮಾಲೀಕರನ್ನು ಕಾನೂನಿನ ತೊಡಕಿಗೆ ಸಿಲುಕಿಸಬಹುದು. ಕೊಠಡಿ ನೀಡುವಾಗಲೇ ನಿಯಮ ತಿಳಿಸುವ ಸಣ್ಣ ಫಲಕ ಹಾಕುವುದು ಕ್ಷೇಮ. ಬಾಡಿಗೆ ಕೊಠಡಿ, ಪೇಯಿಂಗ್ ಗೆಸ್ಟ್ ನಡೆಸುವವರಿಗೂ ಇದು ಅನ್ವಯಿಸುತ್ತದೆ.

ಹೊರದೇಶದಿಂದ ಬರುವ ಬಂಧುಗಳೂ ಗಮನಿಸಬೇಕಾದ ಅಂಶವಿದೆ. ಆಮದು ನಿಷಿದ್ಧವಾದ್ದರಿಂದ ಸ್ವಂತ ಬಳಕೆಗೆಂದು ತಂದರೂ ವಿಮಾನ ನಿಲ್ದಾಣದ ಸುಂಕ ಅಧಿಕಾರಿಗಳು ವಶಪಡಿಸಿಕೊಳ್ಳಬಹುದು. ಇದಲ್ಲದೆ, ಬೆಂಕಿಯ ಅಪಾಯದಿಂದಾಗಿ ಇ-ಸಿಗರೇಟುಗಳನ್ನು ವಿಮಾನದ ಸರಕು ಭಾಗಕ್ಕೆ ಹೋಗುವ ಸಾಮಾನಿನಲ್ಲಿ ಇಡುವುದನ್ನೂ, ವಿಮಾನದೊಳಗೆ ಚಾರ್ಜ್ ಮಾಡುವುದನ್ನೂ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 2015ರಲ್ಲಿಯೇ ನಿಷೇಧಿಸಿದೆ.

‘ಸಿಗರೇಟಿಗಿಂತ ಮೇಲು’ ಎಂಬ ಮಾತು

ಸಿಗರೇಟು ಬಿಡಲು ಇ-ಸಿಗರೇಟು ನೆರವಾಗುತ್ತದೆ ಎಂಬ ವಾದ ಹೊಸದಲ್ಲ. ಬ್ರಿಟನ್‌ನ ಆರೋಗ್ಯ ಇಲಾಖೆ ಈಗಾಗಲೇ ಧೂಮಪಾನಿಗಳಾಗಿರುವ ವಯಸ್ಕರಿಗೆ ಅದನ್ನು ಒಂದು ದಾರಿಯಾಗಿ ಸೂಚಿಸುತ್ತದೆ. ಅದೇ ಬ್ರಿಟನ್, ಮಕ್ಕಳ ಕೈಗೆ ಸಿಗುವುದನ್ನು ತಡೆಯಲು ಹಾಗೂ ಬ್ಯಾಟರಿ ತ್ಯಾಜ್ಯದ ಕಾರಣದಿಂದ, ಬಳಸಿ ಬಿಸಾಡುವ ಮಾದರಿಗಳ ಮಾರಾಟವನ್ನು 2025ರ ಜೂನ್ 1ರಿಂದ ನಿಷೇಧಿಸಿತು. ಅಮೆರಿಕದಲ್ಲಿ 2019ರಲ್ಲಿ ಹಬ್ಬಿದ ಶ್ವಾಸಕೋಶದ ಕಾಯಿಲೆಯಿಂದ 2020ರ ಫೆಬ್ರವರಿವರೆಗೆ 2,807 ಪ್ರಕರಣಗಳು ದಾಖಲಾಗಿ, 68 ಮಂದಿ ಮೃತಪಟ್ಟಿದ್ದರು. ಗಾಂಜಾ ಸತ್ವದ ದ್ರವಕ್ಕೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಇದಕ್ಕೆ ಮುಖ್ಯ ಕಾರಣವೆಂದು ಕಂಡುಬಂದಿತು. ಅಂಥ ದ್ರವ ಬಹುಪಾಲು ಬಂದದ್ದು ಅನಧಿಕೃತ ಮೂಲಗಳಿಂದ. ಎಲ್ಲ ಮಾರಾಟವೂ ಅನಧಿಕೃತವೇ ಆಗಿರುವ ಭಾರತದಲ್ಲಿ ಬಾಟಲಿಯೊಳಗೆ ಏನಿದೆ ಎಂಬ ಭರವಸೆಯನ್ನು ಯಾರೂ ಕೊಡಲಾರರು.

ಬಿಡಲು ಬಯಸುವವರಿಗೆ

2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯಂತೆ ಕರ್ನಾಟಕದ ವಯಸ್ಕರಲ್ಲಿ ಶೇ 22.8ರಷ್ಟು ಮಂದಿ ಒಂದಲ್ಲ ಒಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ವ್ಯಸನ ಯಾವುದೇ ಇರಲಿ, ಬಿಡಿಸುವ ದಾರಿ ಹೆಚ್ಚುಕಡಿಮೆ ಒಂದೇ. ರಾಷ್ಟ್ರೀಯ ತಂಬಾಕು ತ್ಯಜನ ಸಹಾಯವಾಣಿ 1800-11-2356ಕ್ಕೆ ಉಚಿತವಾಗಿ ಕರೆ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಈ ಸೇವೆಯ ಕೇಂದ್ರಗಳಲ್ಲೊಂದು. ಕನ್ನಡದಲ್ಲಿಯೂ ಸಮಾಲೋಚನೆ ದೊರೆಯುತ್ತದೆ. ಔಷಧ ಅಂಗಡಿಗಳಲ್ಲಿ ಸಿಗುವ ನಿಕೋಟಿನ್ ಚೂಯಿಂಗ್ ಗಮ್‌ನಂಥ ಪರವಾನಗಿ ಪಡೆದ ಉತ್ಪನ್ನಗಳು ಕಾಯ್ದೆಯ ನಿಷೇಧಕ್ಕೆ ಒಳಪಡುವುದಿಲ್ಲ. ಆದರೆ ಅವನ್ನು ವೈದ್ಯರ ಸಲಹೆಯಂತೆ ಬಳಸುವುದು ಲೇಸು.

ಬಿಟ್ಟ ಮೊದಲ ಕೆಲವು ದಿನ ಸಿಡುಕು, ನಿದ್ರಾಭಂಗ, ಏಕಾಗ್ರತೆಯ ಕೊರತೆ, ಹಸಿವು ಹೆಚ್ಚುವುದು ಸಹಜ. ಚಳಿಯ ಮುಂಜಾನೆ ಚಹಾದೊಂದಿಗೆ ಸೇದುವ ಅಭ್ಯಾಸವಿದ್ದವರಿಗೆ ಆ ಹೊತ್ತೇ ಕಠಿಣ. ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳಲ್ಲಿ ಈ ತೊಂದರೆಗಳು ತಗ್ಗುತ್ತವೆ. ಮಗನ ಚೀಲದಲ್ಲಿಯೋ ಮಗಳ ಮೇಜಿನಲ್ಲಿಯೋ ಇಂಥ ಸಾಧನ ಕಂಡ ಹೆತ್ತವರು ಗದರಿಸುವುದಕ್ಕೆ ಮೊದಲು ಈ ಸಹಾಯವಾಣಿಯ ಸಂಖ್ಯೆಯನ್ನು ಬರೆದಿಟ್ಟುಕೊಳ್ಳುವುದು ಒಳಿತು. ಗದರಿಕೆಯಿಂದ ಸಾಧನ ಇನ್ನೊಂದು ಕಡೆಗೆ ಸರಿದೀತೇ ಹೊರತು ವ್ಯಸನ ಬಿಡದು.